ಸ್ಕೊಪಾಲ್ ಎಂಬ ಎಂಜಿನ್

ಬ್ರನೊ, ಮಂಗಳವಾರ

ಪ್ರೀತಿಯ ಅಪ್ಪ,

ಮೊಣಕಾಲಿನ ಮುಲಾಮು ಕಳಿಸಿದ್ದೇನೆ. ಕಾರ್ಖಾನೆಯ ಸಂಗ್ರಹಾಲಯಕ್ಕೆ ಬುಲ್‌ಡೋಜರ್ ಎಂಜಿನ್‌ಗಳ ಇತಿಹಾಸ ಬರೆಯುತ್ತಿದ್ದೇನೆ. ನಿನ್ನ ಎಂಜಿನ್ನಿನ ಹತ್ತಿರ ಬಂದ ಮೇಲೆ ಕೂತಲ್ಲಿ ಕೂರಲಾಗುತ್ತಿಲ್ಲ.

ಪರೀಕ್ಷೆಯಲ್ಲಿ ಏನು ಮುರಿದರೂ, ಅದನ್ನು ವಿನ್ಯಾಸ ಮಾಡಿದವನ ಹೆಸರನ್ನೇ ಎಂಜಿನ್‌ಗೆ ಇಟ್ಟು ಹಂಗಿಸುವುದು ನಮ್ಮ ಶೆಡ್ಡಿನ ಪದ್ಧತಿ. ನಿನ್ನ ಕ್ರ್ಯಾಂಕ್‌ಶಾಫ್ಟ್ ಮುರಿದ ದಿನ ಅದು ನಿನ್ನ ಹೆಸರಿನಲ್ಲಿ ‘ಸ್ಕೊಪಾಲ್’ ಆಯಿತು. ನೀನು ಸರಿಪಡಿಸಿದೆ. ಆರು ಸಿಲಿಂಡರ್, ಪ್ರತಿಯೊಂದೂ ನೂರೈವತ್ತು ಮಿಲಿಮೀಟರ್ ಅಗಲವೆಂದು ಕಾಗದದಲ್ಲಿ ‘6-150’ ಎಂದು ಬರೆದರು. ಆದರೂ ಶೆಡ್ಡಿನಲ್ಲಿ ಹಳೆಯ ಹೆಸರೇ ಉಳಿಯಿತು. ನೀನು ಕೆಲಸ ಬಿಟ್ಟೆ. ಮನೆಯಲ್ಲಿ ಆ ಮಾತೇ ಏಳಬಾರದೆಂದೆ.

ನಿನ್ನೆ ಕಲ್ಲುಗಣಿಯ ಹಳೆಯ ಚಾಲಕ ಬೊಹುಷ್‌ನನ್ನು, 6-150 ಹೇಗಿತ್ತು ಎಂದು ಕೇಳಿದೆ.

“ಅದ್ಯಾವುದಮ್ಮಾ? ನಂಗೊತ್ತಿರೋದು ಸ್ಕೊಪಾಲ್ ಒಂದೇ. ಹೆಂಡ್ತಿ ಕೈಕೊಟ್ಲು, ಅದು ಮಾತ್ರ ಒಂದಿನಾನೂ ಕೈಕೊಡ್ಲಿಲ್ಲ!”

ನಾನು ಯಾರ ಮಗಳೆಂದು ಹೇಳಲಿಲ್ಲ.

ನಿನ್ನ ತಕರಾರಿಲ್ಲದಿದ್ದರೆ ಫಲಕದಲ್ಲಿ ಸಂಖ್ಯೆಯ ಜೊತೆಗೆ ಹೆಸರೂ ಇರಲಿ ಎಂದರು ಸಂಗ್ರಹಾಲಯದ ನಿರ್ದೇಶಕರು. ಶುಕ್ರವಾರ ಕೊರೆಯುತ್ತಾರೆ. ಅಲ್ಲಿಯವರೆಗೆ ದಯವಿಟ್ಟು ಫೋನ್ ಮಾಡಬೇಡ. ನಿನ್ನ ಬಾಯಿಂದ ‘ಬೇಡ’ ಬಂದರೆ ನಾನು ಆ ಹೆಸರನ್ನು ಹೊಡೆದುಹಾಕಿಬಿಡುತ್ತೇನೆ.

ನಿನ್ನ,
ಲುಡ್ಮಿಲಾ