ಬಲಗಡೆಗೆ ಬಂದ ಗೇರು

ನವೆಂಬರ್ 11, ಸೋಮವಾರ. ಭಾಲ್ಕಿ

ಇವತ್ತೂ ಎಂಟಕ್ಕೆ ಕಾರಿನಲ್ಲಿ ಹೊರಟೆವು. ಇವರು ನನ್ನನ್ನು ಠಾಣಾ ಕುಶನೂರ ಶಾಲೆಯ ಗೇಟಿನಲ್ಲಿ ಇಳಿಸಿ, ಭಾಲ್ಕಿಯ ತಮ್ಮ ಆಫೀಸಿಗೆ ವಾಪಸ್. ಸಂಜೆ ನಾಲ್ಕೂವರೆಗೆ ಮತ್ತೆ ಅದೇ ಗೇಟು. ಬೈಕ್ ಬಿದ್ದು ನನ್ನ ಎಡಗೈ ಸ್ವಾಧೀನ ತಪ್ಪಿದಾಗಿನಿಂದ, ಒಂದು ವರ್ಷ ನಾಲ್ಕು ತಿಂಗಳು, ಒಂದು ದಿನವೂ ತಪ್ಪಿಸಿಲ್ಲ. ಸಂಘಪಾಲನಂಥ ಗಂಡ ಎಲ್ಲರಿಗೂ ಸಿಗುವುದಿಲ್ಲ ಅನ್ನುತ್ತಾರೆ ಸ್ಟಾಫ್ ರೂಮಿನಲ್ಲಿ. ಹೌದು. ಸಿಗುವುದಿಲ್ಲ.

ಹೆಡ್‌ಮಾಸ್ತರು ಕೇಳಿದರು, "ಮಹಾಮಾಯಾ ಮೇಡಂ, ಹತ್ತನೇದವ್ರಿಗಿ ಸಂಜಿಕ ಗಣಿತದ ಸ್ಪೆಷಲ್ ಕ್ಲಾಸ್ ತಗೋತೀರೇನ್ರಿ? ಆರಕ್ಕ ಮುಗೀತದ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ, "ಬ್ಯಾಡ ಬಿಡ್ರಿ. ಪಾಪ, ನಿಮ್ಮ ಯಜಮಾನ್ರು ಎಷ್ಟ್ ಸಲ ಓಡಾಡಬೇಕು."

ಬಸ್ಸಿದೆ. ಎರಡು ಸಲ ಪ್ರಯತ್ನಿಸಿದೆ. ಎರಡನೇ ಸಲ ಬ್ರೇಕಿಗೆ ಬಿದ್ದೆ—ಹಿಡಿಯಲು ಒಂದೇ ಕೈ. ಅಂದಿನಿಂದ ನಾನು ಬಸ್ಸಿನ ಮಾತೆತ್ತಿದರೆ ಇವರು ಎದ್ದು ಹೋಗುತ್ತಾರೆ.

ನವೆಂಬರ್ 17, ಭಾನುವಾರ

ಇವರು ಕಟಿಂಗಿಗೆ ಹೋಗಿದ್ದರು. ಕಾರಿನ ಕೀಲಿ ತೆಗೆದುಕೊಂಡೆ.

ಮೊದಲು ನಾನೂ ಓಡಿಸುತ್ತಿದ್ದವಳೇ. ಆಟೋಮ್ಯಾಟಿಕ್ ಕಾರು, ಕ್ಲಚ್ಚಿಲ್ಲ. ಆದರೆ ಗೇರ್ ಲಿವರ್ ಎಡಗಡೆ. ನನ್ನ ಎಡಗೈ ಭುಜದಿಂದ ಏಳುತ್ತದೆ, ಬೆರಳು ಮಾತ್ರ ಮುಚ್ಚುವುದಿಲ್ಲ. ಅಂಗೈಯ ಬುಡದಿಂದ ತಳ್ಳಿದೆ. ಮುಂದಕ್ಕೆ ಅಂದುಕೊಂಡದ್ದು ರಿವರ್ಸಿಗೆ ಬಿತ್ತು. ಹಿಂದಿನ ಮನೆಯ ಗೇಟು ಬಾಗಿತು.

ಇವರು ಬಂದು ನೋಡಿ ಬೈಯಲಿಲ್ಲ. ಕೀಲಿಯನ್ನು ಅಂಗಿ ಜೇಬಿಗೆ ಹಾಕಿಕೊಂಡರು. "ನಾ ಇದ್ದೀನಲ್ಲ ಮಾಯಾ. ನಿನಗ್ಯಾಕ ಈ ತ್ರಾಸ?"

ಬೈದಿದ್ದರೆ ಚೆನ್ನಾಗಿತ್ತು. ಜಗಳ ಆಡಬಹುದಿತ್ತು.

ನವೆಂಬರ್ 30, ಶನಿವಾರ

ಡಾಕ್ಟರಿಗೆ ಕೈ ತೋರಿಸಲು ಬೀದರಕ್ಕೆ ಹೋಗಿದ್ದೆವು. ಬರುವಾಗ, ಗೇರನ್ನು ಬಲಗಡೆಗೆ ತರಲಾಗುತ್ತದೆಯೇ ಎಂದು ಕೇಳಲು, ಹಟ ಹಿಡಿದು ಯೂಸುಫನ ವರ್ಕ್‌ಶಾಪಿನಲ್ಲಿ ಕಾರು ನಿಲ್ಲಿಸುವಂತೆ ಮಾಡಿದೆ. ಕಾರಿನ ವೈರಿಂಗ್ ಕೆಲಸದಲ್ಲಿ ಹೆಸರು ಮಾಡಿದವ. ಆಗುವುದಿಲ್ಲ ಅನ್ನುತ್ತಾನೆ ಎಂಬ ಧೈರ್ಯದಿಂದಲೇ ಇವರು ಬಂದರು ಅನಿಸುತ್ತದೆ.

ಯೂಸುಫ ಲಿವರಿನ ಕೆಳಗೆ ಟಾರ್ಚ್ ಬಿಟ್ಟು ನೋಡಿದ. "ಈ ಲಿವರ್ ಗೇರ್ ಎಳಿಯೂದಿಲ್ರಿ ಮೇಡಂ. ಹುಕುಂ ಅಷ್ಟೇ ಕೊಡ್ತದ. ವೈರಿನ್ಯಾಗ ಹೋಗ್ತದ, ಕೆಳಗಿನ ಮೋಟರ್ ಗೇರ್ ಹಾಕ್ತದ. ಹುಕುಂ ಎಡಕ್ಕಿಂದ ಕೊಟ್ರೇನು, ಬಲಕ್ಕಿಂದ ಕೊಟ್ರೇನು?"

ಬೇರೆ ಕಾರಿನ ತಿರುಗಿಸುವ ಗುಂಡಿ ಹೈದರಾಬಾದಿನಿಂದ ತರಿಸುತ್ತಾನಂತೆ. ರೇಡಿಯೋ ಬಿರಡೆಯ ಹಾಗಿರುತ್ತದೆ. ಸ್ಟೀರಿಂಗಿನ ಬಲಕ್ಕೆ ಕೂರಿಸಿ, ನಡುವೆ ಒಂದು ಸಣ್ಣ ಡಬ್ಬಿ. ಈ ಗುಂಡಿಯ ಮಾತು ನಮ್ಮ ಕಾರಿಗೆ ತಿಳಿಯುವಂತೆ ಮಾಡಲು.

"ನಡು ದಾರ್ಯಾಗ ಬಂದ್ ಬಿದ್ರ?" ಇವರು.

"ನ್ಯೂಟ್ರಲಿಗಿ ಬರ್ತದ, ಗಾಡಿ ನಿಲ್ತದ. ಖತರಾ ಇಲ್ರಿ ಸಾಹೇಬ್ರ."

"ಹಳೀ ಲಿವರ್ ತೆಗೀಬ್ಯಾಡ. ಅದೂ ಇರ್ಲಿ."

ಎರಡೂ ಇರಲು ಕೆಳಗೊಂದು ಸ್ವಿಚ್ ಹಾಕುವುದೆಂದಾಯಿತು. ಹಲಬರ್ಗಾ ದಾಟುವವರೆಗೂ ಇವರು ಹಳೆಯ ಲಿವರಿನ ಮೇಲೇ ಕೈಯಿಟ್ಟಿದ್ದರು. ನಾನು ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದೆ.

ಡಿಸೆಂಬರ್ 15, ಭಾನುವಾರ

ಕಾರು ಸಿದ್ಧ. ಮೊದಲ ಸಲ ಮುಂದಕ್ಕೆ ತಿರುಗಿಸಿದರೆ ಕಾರು ಹಿಂದಕ್ಕೆ ಹೋಯಿತು! ಯೂಸುಫ "ಯಾ ಅಲ್ಲಾ" ಎಂದು ಓಡಿ ಬಂದು ಎರಡು ವೈರು ಅದಲುಬದಲು ಮಾಡಿದ. ಆಮೇಲೆ ಸರಿ. ಸ್ಟೀರಿಂಗ್ ಮೇಲೊಂದು ಹಿಡಿ, ಒಂದೇ ಕೈಯಲ್ಲಿ ತಿರುಗಿಸಲು. ಹ್ಯಾಂಡ್‌ಬ್ರೇಕಿಗೆ ಬೆಲ್ಟಿನ ಕುಣಿಕೆ. ಎಡ ಮಣಿಕಟ್ಟು ತೂರಿಸಿ ಎಳೆಯುತ್ತೇನೆ.

ಅಷ್ಟೂರ ಗುಮ್ಮಟಗಳ ತನಕ ಹೋಗಿ ಬಂದೆ. ಯೂಸುಫ ಪಕ್ಕದಲ್ಲಿ, ಇವರು ಹಿಂದೆ. ಕನ್ನಡಿಯಲ್ಲಿ ನೋಡಿದೆ. ಮುಂದಿನ ಸೀಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು.

ಡಿಸೆಂಬರ್ 23, ಸೋಮವಾರ

ಆರ್‌ಟಿಓ ಅನುಮತಿಯ ಕಾಗದ ಬಂತು. ಇವತ್ತು ಒಬ್ಬಳೇ ಶಾಲೆಗೆ. ಒಬ್ಬಳೇ! ತೊಗರಿ ಹೊಲದ ಪಕ್ಕ ಸುಮ್ಮನೆ ಐದು ನಿಮಿಷ ನಿಲ್ಲಿಸಿದ್ದೆ, ಯಾರಿಗೂ ಕಾರಣ ಹೇಳಬೇಕಾಗಿಲ್ಲವಲ್ಲ ಎಂದು. ಸಂಜೆ ಸ್ಪೆಷಲ್ ಕ್ಲಾಸು. ಇಪ್ಪತ್ತೆರಡು ಮಕ್ಕಳು.

ಮನೆಗೆ ಬಂದಾಗ ಇವರು ಗೇಟಿನಲ್ಲೇ. ಎಷ್ಟು ಹೊತ್ತಿನಿಂದಲೋ.

ಡಿಸೆಂಬರ್ 26, ಗುರುವಾರ

ಬೆಳಿಗ್ಗೆ ಗುಂಡಿಯ ದೀಪ ಹತ್ತಲಿಲ್ಲ. ಗೇರ್ ಬೀಳಲೇ ಇಲ್ಲ. ಇವರು ಸ್ವಿಚ್ ಹಳೆಯ ಲಿವರಿಗೆ ಹಾಕಿ ತಾವೇ ಕರೆದೊಯ್ದರು. ನಾಲ್ಕೂವರೆಗೆ ಗೇಟಿನಲ್ಲಿದ್ದರು. ಕ್ಲಾಸ್ ರದ್ದು.

ಜನವರಿ 2, ಗುರುವಾರ

ಮತ್ತೆ ಅದೇ. ಮೂರು ದಿನದಿಂದ ಅದೇ. ಕ್ಲಾಸಿನ ಸಮಯವನ್ನು ವಿಜ್ಞಾನದವರಿಗೆ ಕೊಟ್ಟರೆ ಹೇಗೆ ಅನ್ನುತ್ತಿದ್ದಾರೆ ಹೆಡ್‌ಮಾಸ್ತರು. ತಪ್ಪೇನಿಲ್ಲ. ಮಕ್ಕಳಿಗೆ ಮಾರ್ಚಿನಲ್ಲಿ ಪರೀಕ್ಷೆ.

ಕಾರಿನಲ್ಲಿ ಉಸಿರು ಕಟ್ಟಿದ ಹಾಗಾಗುತ್ತದೆ. ಕಿಟಕಿ ಇಳಿಸಿದರೂ. ಇವರು ಮೆಲ್ಲಗೆ ಹಾಡು ಗುನುಗುತ್ತಿದ್ದರು.

ಜನವರಿ 4, ಶನಿವಾರ

ಯೂಸುಫ ಬೀದರದಿಂದ ಬಂದ. ಡ್ಯಾಶ್‌ಬೋರ್ಡಿನ ಕೆಳಗೆ ಡಬ್ಬಿಯ ಪ್ಲಗ್ ಬಿಟ್ಟಿತ್ತು. ಹಾಕಿದ, ದೀಪ ಹತ್ತಿತು. "ಇದಕ್ಕ ಲಾಕ್ ಅದರಿ ಮೇಡಂ. ತಾನಾಗೇ ಹ್ಯಾಂಗ ಬಿಡ್ತದ..." ಎಂದವನು ಅಲ್ಲಿಗೇ ನಿಲ್ಲಿಸಿದ. ಪ್ಲಗ್ಗಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದು ಹೋದ. ಚಹಾ ಕುಡಿಯಲಿಲ್ಲ.

ಜನವರಿ 6, ಸೋಮವಾರ

ದೀಪ ಹತ್ತಲಿಲ್ಲ. ಯಾರಿಗೂ ಫೋನ್ ಮಾಡಲಿಲ್ಲ. ಮೊಬೈಲ್ ಹಲ್ಲಲ್ಲಿ ಕಚ್ಚಿ ಟಾರ್ಚ್ ಹಾಕಿ ಕೆಳಗೆ ತಲೆ ತೂರಿಸಿದೆ. ಪ್ಲಗ್ ಬಿಟ್ಟಿದೆ. ಪ್ಲಾಸ್ಟಿಕ್ ಪಟ್ಟಿ ಮ್ಯಾಟಿನ ಮೇಲೆ ಬಿದ್ದಿದೆ. ಕತ್ತರಿಸಿದ್ದು. ನೀಟಾಗಿ.

ಪ್ಲಗ್ ಒತ್ತಿದೆ. ಟಕ್ ಅಂದಿತು.

ಒಳಗೆ ಹೋದೆ. ಇವರು ನನ್ನ ಊಟದ ಡಬ್ಬಿಗೆ ಪಲ್ಯ ತುಂಬುತ್ತಿದ್ದರು. ಪಟ್ಟಿಯನ್ನು ಕಟ್ಟೆಯ ಮೇಲಿಟ್ಟೆ.

"ಇದ್ಯಾಕ್ರಿ?"

ಸುಳ್ಳು ಹೇಳಲಿಲ್ಲ. ಚಮಚ ಕೆಳಗಿಟ್ಟರು. "ಬೈಕ್ ನಾ ನಡಸ್ತಿದ್ದೆ ಮಾಯಾ."

"ಗೊತ್ತದ."

"ದಿನಾ ನಿನ್ನ ಬಿಟ್ಟು ಬರೂವಾಗ ಒಂದೀಟು ಹಗರ ಅನಸ್ತದ. ಇವತ್ತಿಂದು ಆಯ್ತು ಅಂತ. ನೀ ಒಬ್ಬಾಕಿನೇ ಹೋದ ದಿನ... ಆಫೀಸಿನ್ಯಾಗ ಕೂಡಲಿಕ್ಕಿ ಆಗ್ಲಿಲ್ಲ."

"ಮತ್ತ ನಿಮಗ ಹಗರ ಆಗ್ಲಿ ಅಂತ ನಾ ಜೀವ ಇರೂತನಾ ಬಾಜೂ ಸೀಟಿನ್ಯಾಗ ಕೂಡಬೇಕೇನ್ರಿ?"

ಡಬ್ಬಿಯ ಮುಚ್ಚಳ ಹಾಕಲು ಹೋದರು. ಅವರ ಕೈಯಿಂದ ಡಬ್ಬಿ ತೆಗೆದುಕೊಂಡೆ. ನಾನೇ ಹಾಕಿಕೊಂಡೆ. ಎದೆಗೆ ಒತ್ತಿಕೊಂಡು, ಬಲಗೈಯಲ್ಲಿ. ಹಾಗೆಯೇ ಹಾಕುವುದು ನಾನು.

ಹತ್ತು ನಿಮಿಷ ತಡವಾಗಿ ಶಾಲೆ ಸೇರಿದೆ. ಕ್ಲಾಸ್ ತೆಗೆದುಕೊಂಡೆ.

ಜನವರಿ 13, ಸೋಮವಾರ. ಔರಾದ, ಸಂಜೆ ಏಳೂವರೆ

ಒಂದು ವಾರದಿಂದ ಪ್ಲಗ್ ಬಿಟ್ಟಿಲ್ಲ.

ಇವತ್ತು ಕ್ಲಾಸ್ ಮುಗಿಸಿ ಔರಾದಿನಲ್ಲಿ ತಂಗಿ ಕರುಣಾಳ ಮನೆಗೆ ಹೋಗಬೇಕೆಂದಿದ್ದೆ. ಅವಳ ಮಗು ಹುಟ್ಟಿ ನಾಲ್ಕು ತಿಂಗಳು. ಒಮ್ಮೆಯೂ ಒಬ್ಬಳೇ ಹೋಗಿಲ್ಲ. ಗೇಟಿಗೆ ಬಂದರೆ ಇವರು ನಿಂತಿದ್ದಾರೆ. ಭಾಲ್ಕಿಯಿಂದ ಬಸ್ಸಿಗೆ ಬಂದಿದ್ದಾರೆ. ಸುಮ್ಮನೆ ಎಡಬಾಗಿಲು ತೆಗೆದು ಕೂತರು.

"ನಾ ಔರಾದಕ್ಕ ಹೊಂಟೀನ್ರಿ."

"ಹೋಗು. ನಾ ಏನೂ ಅನ್ನೂದಿಲ್ಲ."

ತಿರುವಿನಲ್ಲೆಲ್ಲ ಅವರ ಬಲಗಾಲು ಇಲ್ಲದ ಬ್ರೇಕ್ ಒತ್ತುತ್ತಿತ್ತು. ಕರುಣಾಳ ಮನೆ ಮುಂದೆ ನಿಲ್ಲಿಸಿದೆ. "ನೀ ಹೋಗಿ ಬಾ, ನಾ ಇಲ್ಲೇ ಕೂಡ್ತೇನಿ" ಅಂದರು. ಒಳಗೆ ಬಂದೆ. ಮಗು ನನ್ನ ಎಡಗೈಯ ಬೆರಳು ಹಿಡಿದು ಜಗ್ಗುತ್ತಿತ್ತು. ಈಗ ಮಲಗಿದೆ.

ಕರುಣಾ ಊಟಕ್ಕೆ ಏಳು ಅನ್ನುತ್ತಿದ್ದಾಳೆ, ಭಾವನನ್ನೂ ಕರೆ ಅನ್ನುತ್ತಾಳೆ. ಕಿಟಕಿಯಿಂದ ಕಾರು ಕಾಣುತ್ತದೆ. ಒಳಗೆ ದೀಪವಿಲ್ಲ. ಕರೆದರೆ ಬರುತ್ತಾರೆ. ಕರೆಯುತ್ತೇನೆ. ಇನ್ನು ಸ್ವಲ್ಪ ಹೊತ್ತು, ಒಬ್ಬಳೇ—