ಅಬ್ಬಾರ ಕಪ್ಪು ಪರದೆಗಳು

ನ್ಯಾಮತಿ
೧೮ ಆಗಸ್ಟ್ ೨೦೨೪, ಭಾನುವಾರ

ಪ್ರೀತಿಯ ಇಸ್ರಾರ್ ಭಾಯಿಗೆ,

ನಿನ್ನ ತಂಗಿ ಅಫ್ಶೀನ್ ಮಾಡುವ ಸಲಾಂ. ಮಸ್ಕತ್‌ನಲ್ಲಿ ಸೆಕೆ ಹೇಗಿದೆ? ಬೆನ್ನುನೋವು ಕಡಿಮೆಯಾಯಿತಾ? ಊರಿಗೆಲ್ಲ ಎಸಿ ರಿಪೇರಿ ಮಾಡುವವನ ಕೋಣೆಯಲ್ಲೇ ಎಸಿ ಇಲ್ಲವಂತೆ ಎಂದು ಅಮ್ಮಿ ನಗುತ್ತಾಳೆ, ಆಮೇಲೆ ಕಣ್ಣೊರೆಸಿಕೊಳ್ಳುತ್ತಾಳೆ. ಫೋನಿದ್ದೂ ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ಫೋನು ಹಿಡಿದರೆ ಸಾಕು, ಅಬ್ಬಾ ಪಕ್ಕದಲ್ಲೇ ಬಂದು ಕೂರುತ್ತಾರೆ.

ಈಗ ಅಬ್ಬಾರ ಟೈಪಿಂಗ್ ಕ್ಲಾಸಿನ ಸುದ್ದಿ. ನೀನು ಲಿನಕ್ಸ್ ಹಾಕಿಕೊಟ್ಟ ಎರಡು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇವತ್ತಿಗೂ ಬರೀ ಅಕ್ಷರ ಕಾಣುವ ಕಪ್ಪು ಕನ್ಸೋಲ್ ಒಂದೇ. ಬಣ್ಣಕ್ಕೂ ಮೌಸಿಗೂ ಒಳಗೆ ಪ್ರವೇಶವಿಲ್ಲ. "ಟೈಪ್‌ರೈಟರ್‌ನಾಗೆ ಚಿತ್ರ ಇತ್ತೇನ್ರೀ? ಅಕ್ಷರ ಹೊಡೀರಿ" ಎಂದು ಹುಡುಗಿಯರನ್ನು ಗದರುವುದೂ ಹಾಗೇ ಇದೆ. ಆದರೆ ಹೋದ ತಿಂಗಳು ಅಪ್‌ಡೇಟ್ ಆದದ್ದೇ ತಡ, ಅಕ್ಷರಗಳು ಸಾಸಿವೆ ಕಾಳಿನಷ್ಟಾದವು. ಅಬ್ಬಾ ಕಣ್ಣು ಕಿರಿದು ಮಾಡಿ ನೋಡಿದರು, ಕನ್ನಡಕ ಒರೆಸಿ ನೋಡಿದರು. ಕೊನೆಗೆ "ಮಿಷನ್ನೇ ಹಾಳಾಗೈತೆ, ಈ ತಿಂಗಳಿಗೆ ಕ್ಲಾಸು ಮುಚ್ಚಿಬಿಡ್ತೀನಿ" ಅಂದರು. ನನಗೆ ನಿಜಕ್ಕೂ ಭಯವಾಯಿತು. ಕ್ಲಾಸಿಲ್ಲದ ಅಬ್ಬಾರನ್ನು ನಾವಿಬ್ಬರೂ ನೋಡಿಯೇ ಇಲ್ಲ.

ಮೊದಲು ಎರಡರಲ್ಲೂ ರೆಸಲ್ಯೂಶನ್ ಇಳಿಸಿದೆ. ಅಕ್ಷರ ದೊಡ್ಡದೇನೋ ಆಯಿತು, ಆದರೆ ಎಲ್ಲವೂ ಊದಿಕೊಂಡು ಮಸುಕು ಮಸುಕು. ಯಾಕಿರಬಹುದು ಅಂತ ತಲೆಗೆ ಹುಳ ಹೊಕ್ಕಿತು. ಹುಡುಕಿದಾಗ ತಿಳಿಯಿತು, ಪರದೆಗೆ ಹುಟ್ಟಿನಿಂದಲೇ ಇಷ್ಟು ಚುಕ್ಕೆ ಅಂತ ಇರುತ್ತದಂತೆ, ಅದೇ ಅದರ ರೆಸಲ್ಯೂಶನ್. ಕಡಿಮೆ ಕೇಳಿದರೆ ಹಿಗ್ಗಿಸಿ ಕೊಡುತ್ತದೆ. ಕ್ರಾಸ್ ಸ್ಟಿಚ್ ಬಟ್ಟೆಯ ತೂತು ಎಣಿಸದೆ ಹೊಲಿದರೆ ಗಿಳಿ ಹೋಗಿ ಕೋಳಿಯಾಗುತ್ತದಲ್ಲ, ಹಾಗೆ. ನಡುವೆ ನಾನು ಏನೋ ತಪ್ಪು ಬರೆದೆ, ಪರದೆ ಪೂರ್ತಿ ಕತ್ತಲಾಯಿತು. ಅಮ್ಮಿ ಬಂದು ಕೀಬೋರ್ಡಿನ ಮೇಲೆ ದುಆ ಓದಿ ಊದಿದಳು. ಅವಳ ದುಆವೋ ನನ್ನ ಹಟವೋ, ಮತ್ತೆ ಬೆಳಕು ಬಂತು. ಕೊನೆಗೆ ಒಂದು ಲ್ಯಾಪ್‌ಟಾಪಿನಲ್ಲಿ ಪರದೆಯ ಸ್ವಂತ ರೆಸಲ್ಯೂಶನ್ನನ್ನೇ ಮರಳಿ ತಂದು, ಕನ್ಸೋಲಿನ ಫಾಂಟನ್ನು ಮಾತ್ರ ದೊಡ್ಡದು ಮಾಡಿದೆ. ಅಷ್ಟೇ ನೋಡು! ಅಕ್ಷರಗಳು ಅಚ್ಚು ಹೊಡೆದ ಹಾಗೆ ನಿಂತವು. ಟೈಪಿಂಗ್ ಪರೀಕ್ಷೆಗೆ ಕಲಿಯಲು ಸವಳಂಗದಿಂದ ಬಸ್ಸಿನಲ್ಲಿ ಬರುವ ದುರ್ಗಾಂಬಿಕಾ, "ಅಕ್ಕಾ, ಎಷ್ಟು ನೀಟಾಗೈತೆ" ಎಂದು ಕುಣಿದೇಬಿಟ್ಟಳು.

ಒಂದು ಮುಗಿದಿತ್ತು, ಇನ್ನೊಂದು ಮಸುಕಾಗಿಯೇ ಬಾಕಿ ಇತ್ತು. ವ್ಯತ್ಯಾಸ ಕಾಣಲಿ ಅಂತ ಎರಡನ್ನೂ ಅಕ್ಕಪಕ್ಕ ಇಟ್ಟು ಅಬ್ಬಾರನ್ನು ಕರೆದೆ. ಅವರು ಬಗ್ಗಿ ನೋಡಿ, ಒಂದರ ಮೇಲೆ ಬೆರಳಿಟ್ಟು ತೋರಿಸಿ, "ಇದು ನೋಡು, ಈಗ ಸರಿ ಆತು. ಕ್ಲಾಸು ಮುಚ್ಚಲ್ಲ" ಎಂದು ನನ್ನ ಬೆನ್ನು ತಟ್ಟಿದರು.

ಅಮ್ಮಿ ದುಆ ಕಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ಬೆನ್ನಿನ ಮೇಲೆ ಭಾರ ಹೊರಬೇಡ.

ನಿನ್ನ ತಂಗಿ,
ಅಫ್ಶೀನ್

ಮರೆತ ಮಾತು: ಮರೆತದ್ದಲ್ಲ ಭಾಯಿ, ಬರೆಯಲು ಕೈ ಬರಲಿಲ್ಲ. ಅಬ್ಬಾ ಬೆರಳಿಟ್ಟು ಹೊಗಳಿದ್ದು ನಾನಿನ್ನೂ ಸರಿಮಾಡದ ಲ್ಯಾಪ್‌ಟಾಪನ್ನು. ಎರಡೂ ಅವರಿಗೆ ಒಂದೇ ಥರ ಕಾಣುತ್ತಿವೆ. ಶಿವಮೊಗ್ಗಕ್ಕೆ ಹೋಗಿ ಕಣ್ಣು ತೋರಿಸೋಣ ಅಂದರೆ ನನ್ನ ಮೇಲೆ ಹರಿಹಾಯುತ್ತಾರೆ. ನೀನು ಹೇಳಿದರೆ ಮಾತ್ರ ಕೇಳುತ್ತಾರೆ. ಕಾಗದ ಕೈಗೆ ಬಂದ ದಿನವೇ ಅವರಿಗೆ ಫೋನು ಮಾಡು.