ದೊಡ್ಡ ಬಾಯಿಯ ಯಂತ್ರವನ್ನೇ ಮತ್ತೆ ಆರಿಸುವ ಮುನ್ನ

ಗಾಳಿತೋಪಿನ ಉಸ್ತುವಾರಿ ಹೊತ್ತಿರುವ ಮಾನ್ಯರೇ,

ಕೇಣಿಯ ಕಡಲಂಚಿನ ಗಾಳಿಮರದ ತೋಪಿಗೆ ಕೊಂಬೆ ಚೂರು ಮಾಡುವ ಎರಡನೆಯ ಯಂತ್ರವನ್ನು ತಾವು ಆರಿಸುತ್ತಿದ್ದೀರಿ ಎಂದು ತಿಳಿಯಿತು. ಮೊದಲನೆಯದನ್ನು ಆರಿಸಿದವರೂ ತಾವೇ. ಅದು ನನ್ನ ತಮ್ಮ ದೇವಿದಾಸನ ಬಲಗೈಯನ್ನು ಮಣಿಕಟ್ಟಿನವರೆಗೆ ತೆಗೆದುಕೊಂಡಿತು. ಹೊಸ ಯಂತ್ರದ ಬಾಯಿಗೆ ಕೊಂಬೆ ಕೊಡುವ ಕೆಲಸಕ್ಕೆ ಈಗ ಅವನ ಹೆಂಡತಿ ದುರ್ಗಿಯನ್ನು ಗೊತ್ತು ಮಾಡಿದ್ದೀರಿ. ನಮ್ಮ ಕುಟುಂಬದ ಮೇಲೆ ತಮಗಿರುವ ಕಾಳಜಿಗೆ ಏನೆನ್ನಲಿ?

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ ಎಂದು ತಿಳಿಯಬೇಡಿ. ಸಿಟ್ಟು ಬರುತ್ತದೇನೋ ಎಂದು ವರ್ಷವಿಡೀ ಕಾದೆ, ಬರಲಿಲ್ಲ. ಅಳುವೂ ಬರಲಿಲ್ಲ. ಮಳೆಯಲ್ಲಿ ಬಹಳ ಹೊತ್ತು ನೆಂದ ಕಾಲಿನ ಹಾಗೆ ಮನಸ್ಸು ಮರಗಟ್ಟಿದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯಬಲ್ಲೆ.

ಕಳೆದ ವರ್ಷ ಕಾರವಾರದ ತಮ್ಮ ಕಚೇರಿಯ ಅಂಗಳಕ್ಕೆ ಮಾರಾಟದವನು ಎರಡು ಯಂತ್ರ ತಂದಿದ್ದ. ತೋಪಿನ ಸಮಿತಿಯ ಸದಸ್ಯನೆಂದು ನನ್ನನ್ನೂ ಕರೆಸಿದ್ದಿರಿ. ಚಿಕ್ಕ ಯಂತ್ರದ ಬಾಯಿಯ ಮುಂದೆ ಒಂದು ಅಡ್ಡಪಟ್ಟಿ ಇತ್ತು. ಮೈ ತಗುಲಿದರೆ ಸಾಕು, ಕೊಂಬೆಯನ್ನು ಒಳಗೆಳೆಯುವ ಉರುಳೆಗಳು ನಿಂತುಬಿಡುತ್ತಿದ್ದವು. ದೊಡ್ಡದಕ್ಕೆ ಆ ಪಟ್ಟಿ ಇರಲಿಲ್ಲ. ನಿಲ್ಲಿಸುವ ಸ್ವಿಚ್ಚು ಆಚೆ ಬದಿಗೆ, ಎಂಜಿನ್ನಿನ ಹಿಂದೆ ಇತ್ತು. "ಸಾಹೇಬ್ರೆ, ನಮ್ಗೆ ಸಣ್ಣದೇ ಸಾಕು. ತೋಪಲ್ಲಿ ಬೀಳುದೆಲ್ಲ ಸಣ್ಣ ಸಣ್ಣ ಕೊಂಬೆನೇಯ" ಎಂದೆ. ತಾವು ನಕ್ಕಿರಿ. "ಅದು ಮಕ್ಕಳ ಆಟದ ಸಾಮಾನಿನ ಹಾಗಿದೆ ಮಾರಾಯ್ರೇ. ಉದ್ಘಾಟನೆಗೆ ಬಂದವರು ಏನು ನೋಡಬೇಕು?" ಎಂದಿರಿ. ಅದೂ ನ್ಯಾಯವೇ. ಉದ್ಘಾಟನೆಗೆ ಯಂತ್ರ ಕೊಳ್ಳುವವರು ಕೊಂಬೆಯ ದಪ್ಪವನ್ನೇಕೆ ವಿಚಾರಿಸಬೇಕು? ರಿಬ್ಬನ್ನು ಕತ್ತರಿಸಿದ ದಿನ ತಾವು ಆರಿಸಿದ ದೊಡ್ಡ ಯಂತ್ರ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು.

ಮಳೆಗಾಲದಲ್ಲಿ ನಮ್ಮ ದೋಣಿಗಳು ನೀರಿಗಿಳಿಯುವುದಿಲ್ಲ. ಆಗ ಮೀನುಗಾರರು ತೋಪಿನ ಕೂಲಿಗೆ ಹೋಗುತ್ತಾರೆ. ಅಂಥ ಒಂದು ದಿನ, ಗಾಳಿಗೆ ಬಿದ್ದ ಒಂದು ಕವಲು ಕೊಂಬೆಯನ್ನು ದೇವಿದಾಸ ಯಂತ್ರದ ಬಾಯಿಗೆ ಕೊಟ್ಟ. ಅದು ಓರೆಯಾಗಿ ಸಿಕ್ಕಿಕೊಂಡು, ಮರುಕ್ಷಣವೇ ಒಳಕ್ಕೆ ಜಗ್ಗಿತು. ಬಿಟ್ಟಿದ್ದರೆ ಮುಗಿಯುತ್ತಿತ್ತು. ಅವನು ಬಿಡಲಿಲ್ಲ, ಎದುರು ಜಗ್ಗಿದ. ತಮ್ಮ ವರದಿಯಲ್ಲಿ ಇದಕ್ಕೆ 'ಕಾರ್ಮಿಕನ ನಿರ್ಲಕ್ಷ್ಯ' ಎಂದು ಹೆಸರು.

ದಡದಿಂದ ಬಲೆ ಎಳೆಯುವುದನ್ನು ತಾವು ಎಂದಾದರೂ ಹತ್ತಿರ ನಿಂತು ಕಂಡಿದ್ದೀರಾ? ಕಡಲು ಹಗ್ಗವನ್ನು ಜಗ್ಗಿದಾಗ ಹಿಮ್ಮಡಿಯನ್ನು ಮರಳಿಗೆ ಊರಿ ನಾವೂ ಜಗ್ಗಬೇಕು. ಒಬ್ಬ ಬಿಟ್ಟರೆ ಉಳಿದವರ ಅಂಗೈ ಸುಲಿಯುತ್ತದೆ. ಹಾಗೆ ಬಿಟ್ಟವನನ್ನು ಕೇಣಿಯಲ್ಲಿ ಮದುವೆಯ ಪಂಕ್ತಿಯಲ್ಲೂ ಚುಡಾಯಿಸುತ್ತಾರೆ. ಆಸ್ಪತ್ರೆಯಲ್ಲಿ ದೇವಿದಾಸ ನನಗೆ ಹೇಳಿದ್ದಿಷ್ಟು: "ಅಣ್ಣಾ, ಅದು ಜಗ್ತು, ನಾನೂ ಜಗ್ದೆ. ಬಿಟ್ಬಿಡುದು ಅಂತ ತಲೆಗೇ ಬರ್ಲಿಲ್ಲ ನೋಡು." ಹುಟ್ಟಿದಾಗಿನಿಂದ ಒಮ್ಮೆಯೂ ಹಗ್ಗ ಬಿಡದವನು ತಮ್ಮ ಕಡತದಲ್ಲಿ ನಿರ್ಲಕ್ಷ್ಯದವನಾದ.

ದುರ್ಗಿಯೂ ಇದೇ ದಡದಲ್ಲಿ ಹಗ್ಗ ಹಿಡಿದು ಬೆಳೆದವಳು. ಹೋಗಬೇಡ ಎಂದೆ. "ಮನೆ ನಡೀಬೇಕಲ್ಲ ಭಾವಾ. ನಾ ಹುಷಾರಿ ಇರ್ತೆ" ಎಂದಳು. ಮೊನ್ನೆ ಸಂಜೆ ಅಂಗಳದಲ್ಲಿ ದೇವಿದಾಸ ಅವಳಿಗೆ ಪಾಠ ಮಾಡುತ್ತಿದ್ದ. ಕೊಂಬೆಯ ಒಂದು ತುದಿ ಅವನ ಎಡಗೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಅವನು ಜಗ್ಗಿ "ಬಿಡೇ! ಬಿಡು!" ಎಂದು ಕೂಗುತ್ತಿದ್ದ. ಪ್ರತಿ ಸಲವೂ ಅವಳು ಎದುರು ಜಗ್ಗಿದಳು. ಕೊನೆಗೆ "ಅಯ್ಯೋ, ಕೈ ಕೇಳುದೇ ಇಲ್ಲ ಮಾರಾಯ್ರೆ" ಎಂದು ನಕ್ಕಳು. ಅವನು ನಗಲಿಲ್ಲ. ನಾನು ಒಳಗೆ ಹೋಗಿ ನೀರು ಕುಡಿದೆ.

ಈ ಸಲವೂ ತಾವು ಮೆಚ್ಚಿರುವುದು ಇನ್ನೂ ದೊಡ್ಡ ಬಾಯಿಯದ್ದಂತೆ. ಅದಕ್ಕೂ ಅಡ್ಡಪಟ್ಟಿ ಇಲ್ಲವಂತೆ. ಅದನ್ನು ಬಿಟ್ಟು, ಮೈ ತಗುಲಿದರೆ ನಿಲ್ಲುವ ಯಂತ್ರವನ್ನೇ ಆರಿಸಿ. ಅದು ಬರುವ ತನಕ ಕೊಂಬೆಗಳು ಮರಳಿನ ಮೇಲೆ ಬಿದ್ದಿರಲಿ. ಬಿದ್ದ ಕೊಂಬೆ ಯಾರನ್ನೂ ಒಳಗೆ ಎಳೆಯುವುದಿಲ್ಲ. ದೇವಿದಾಸನ ಹೆಸರಿನ ಮುಂದೆ ಬರೆದ 'ನಿರ್ಲಕ್ಷ್ಯ' ಎಂಬ ಆ ಪದವನ್ನು ಹೊಡೆದುಹಾಕಿ. ಇವಿಷ್ಟನ್ನು ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಬೆಳಿಗ್ಗೆ ಅವನ ಅಂಗಿಯ ಗುಂಡಿ ಹಾಕುವವಳು ದುರ್ಗಿ. ಅವಳ ಎರಡೂ ಕೈ ನಮಗೆ ಬೇಕು.

ಇಂತಿ,
ಮೂವರಿಗೆ ಐದು ಕೈ ಇರುವ ಮನೆಯ ಹಿರಿಯ,
ರಾಮನಾಥ
ಕೇಣಿ, ಅಂಕೋಲಾ